ಗೆರಟೆ (ತೆಂಗಿನ ಚಿಪ್ಪು) ಉರಿಸುವ ಕೊಬ್ಬರಿ ಡ್ರೈಯರ್: ಕೆಲವು ಮಳೆಗಾಲ ಕಳೆದ ಮೇಲೆ

ಬದಿಯಡ್ಕದ ಹತ್ತಿರ ನಮ್ಮ ತೋಟ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಅಂಗಳದಲ್ಲಿ ಕೊಬ್ಬರಿ ಒಣಗಿಸುವ ಮಾತೇ ಇಲ್ಲ, ಬೂಸು ಹಿಡಿಯುತ್ತದೆ. ಅದಕ್ಕೇ ಈ ಡ್ರೈಯರ್ ಮಾಡಿಸಿದ್ದು. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ರೂಪಿಸಿದ ಮಾದರಿ. ಒಮ್ಮೆಗೆ 1000 ಕಾಯಿಯ ಕಡಿ (ಒಡೆದ ಹೋಳು) ಹಿಡಿಯುತ್ತದೆ.

ಫ್ಯಾನ್ ಇಲ್ಲ, ಕರೆಂಟ್ ಬೇಡ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ? ಕೆಳಗೆ ಗೆರಟೆ ಉರಿಯುತ್ತದೆ, ಹೊಗೆ ಚಿಮಣಿಯಲ್ಲೇ ಹೋಗುತ್ತದೆ. ತಗಡಿಗೆ ತಾಗಿ ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ. ಕಡಿಗಳ ಸಂದಿಯಲ್ಲಿ ನುಸುಳಿ, ನೀರಿನಂಶ ಹೊತ್ತು ಹೊರಬೀಳುತ್ತದೆ. ಹೊಗೆ ತಾಗದ ಕಾರಣ ಕೊಬ್ಬರಿ ಬೆಳ್ಳಗೆ ಬರುತ್ತದೆ, ಮಿಲ್ಲಿನವರು ತಕರಾರು ಮಾಡುವುದಿಲ್ಲ. ತೆಗೆದ ಗೆರಟೆಯೇ ಮುಂದಿನ ಸಲಕ್ಕೆ ಸೌದೆ.

ಮಾರುವವರು ಹೇಳದ ಒಂದು ವಿಷಯ ಇದೆ. ಇದು ಒಣಗುವುದು ಬೆಂಕಿಯಿಂದ ಅಲ್ಲ, ಸಂದಿಯಿಂದ. ಕಡಿ ಗೆರಟೆ ಬಿಟ್ಟ ಮೇಲೆ ಕೊಬ್ಬರಿ ಕುಗ್ಗಿ ಒತ್ತೊತ್ತಾಗಿ ಕೂರುತ್ತದೆ. ಚೂರುಗಳೂ ಸೇರಿದರೆ ಮುಗಿಯಿತು: ತಳದ್ದು ಕೆಂಪಾಗಿರುತ್ತದೆ, ಮೇಲಿನದ್ದರ ಮೇಲೆ ನೀರಿನ ಹನಿ! ಸಂದಿಯ ಅಗಲ ಅರ್ಧವಾದರೆ ಗಾಳಿ ಸಾಗುವುದು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಕೆಳಗೆ ಬಿಸಿ ಕೊಟ್ಟ ಮಾತ್ರಕ್ಕೆ ಹರಿವು ಶುರುವಾಗುವುದಿಲ್ಲ, ತಡೆಯನ್ನು ಮೀರಬೇಕು ಅಂತ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ 1916ರಲ್ಲೇ ಲೆಕ್ಕ ಹಾಕಿದ್ದರು. ತುಂಬ ಸಂದಿಗಳಿರುವ ಪದರಕ್ಕೆ ಅಂಥದೇ ಲೆಕ್ಕವನ್ನು 1948ರಲ್ಲಿ ಲ್ಯಾಪ್‌ವುಡ್ ಎಂಬ ವಿಜ್ಞಾನಿ ಮಾಡಿದರು. ಅವರದ್ದು ಮುಚ್ಚಿದ ಪದರ, ನಮ್ಮದು ತೆರೆದ ಪೆಟ್ಟಿಗೆ. ಬಿಸಿಗೂ ತಡೆಗೂ ನಡುವಿನ ಜಗಳ ಮಾತ್ರ ಒಂದೇ.

ಹಾಗಾಗಿ ಚೂರುಗಳನ್ನು ಬೇರೆಯೇ ಇಡುತ್ತೇವೆ. ಅರ್ಧ ಒಣಗಿದ ಮೇಲೆ ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ. ಗಾಳಿ ಬರುವ ಕಿಂಡಿಗೆ ಮಳೆ ಎರಚುತ್ತದೆ ಅಂತ ಗೋಣಿ ಮುಚ್ಚುವವರಿದ್ದಾರೆ, ಅದು ಬೇಡ. ಪಕ್ಕಕ್ಕೆ ಒಂದು ಶೀಟ್ ಇಳಿಬಿಡಿ, ಸಾಕು. ಬಿಸಿ 70 ಡಿಗ್ರಿ ದಾಟದ ಹಾಗೆ ನೋಡಿ.

ದೂರು ಇಲ್ಲದಿಲ್ಲ. ವರ್ಕ್‌ಶಾಪಿನವರು ಒಲೆಯ ಮೇಲಿನ ತಗಡು ತೀರಾ ತೆಳು ಹಾಕಿದ್ದಾರೆ. ತುಕ್ಕು ಹಿಡಿದು ತೂತಾಯಿತು, ಹೊಗೆ ಒಳಗೆ ನುಗ್ಗಿ ಒಂದು ಲೋಡು ಕೊಬ್ಬರಿ ನಾರಿತು. ಕೇಳಿದರೆ "ಉಪ್ಪುಗಾಳಿ ಸಾರ್" ಅಂದರು. ನಮ್ಮ ತೋಟಕ್ಕೆ ಸಮುದ್ರ ಎಲ್ಲಿ! ತಗಡು ನಾನೇ ಬದಲಿಸಿದೆ.

ಐದರಲ್ಲಿ ನಾಲ್ಕು ಸ್ಟಾರ್. ಮಾಡಿಸುವವರು ದಪ್ಪ ತಗಡು ಕೇಳಿ, ಚಿಮಣಿ ಒಂದು ಮೊಳ ಜಾಸ್ತಿಯೇ ಇರಲಿ.