ಇಲಿ ಚರ್ಮದ ಸ್ಲೈಡ್ ಮಾಡಿಸಿದ್ದು: ಐದಕ್ಕೆ ಮೂರೂವರೆ ಸ್ಟಾರ್

ನಮ್ಮ ಲ್ಯಾಬಿನ ಇಲಿ ಭ್ರೂಣಗಳ ಬೆನ್ನಿನ ಚರ್ಮವನ್ನು ಸ್ಲೈಡ್ ಮಾಡಿಕೊಡಲು ಹೊರಗೆ ಕೊಟ್ಟಿದ್ದೆ. 14.5 ದಿನದ ಭ್ರೂಣದ ಸ್ಲೈಡ್ ನೋಡಿ ಖುಷಿಯಾಯ್ತು. ಮೇಲ್ಪದರ ಅಲ್ಲಲ್ಲಿ ದಪ್ಪಗಾಗಿತ್ತು, ಅದರ ಕೆಳಗೇ ಒಳಪದರದ ಜೀವಕೋಶಗಳು ಒತ್ತೊತ್ತಾಗಿ ಸೇರಿದ್ದವು. ಕೂದಲ ಬುಡ ಶುರುವಾಗುವುದೇ ಹೀಗೆ, ಅಲ್ವಾ! ಇಲಿಗೆ ಕೂದಲ ಬುಡಗಳು ಮೂರು ಅಲೆಗಳಲ್ಲಿ, ಅಂದರೆ ಮೂರು ಸರದಿಯಲ್ಲಿ ಮೂಡುತ್ತವೆ. ಇದು ಮೊದಲನೆಯದು, ಉದ್ದ ಕೂದಲಿನದು. ಎರಡನೆಯದು 16.5 ದಿನದ ಹೊತ್ತಿಗೆ, ಮೂರನೆಯದು, ಅಂದರೆ ಅಂಕುಡೊಂಕು ಕೂದಲಿನದು ಮರಿ ಹುಟ್ಟುವ ಹೊತ್ತಿಗೆ.

ಆದರೆ 16.5ರ ಸ್ಲೈಡ್‌ಗಳು ಹಾಳು. ಚರ್ಮವನ್ನು ಓರೆಯಾಗಿ ಕತ್ತರಿಸಿದ್ದರು. ಬುಡಗಳೆಲ್ಲ ಸುಮ್ನೆ ದುಂಡು ಚುಕ್ಕೆಗಳು. ಎಷ್ಟು ಆಳಕ್ಕೆ ಇಳಿದಿವೆ ಅಂತ ಅಳೆಯುವುದು ಹೇಗೆ? ಫೋನ್ ಮಾಡಿದೆ. ಮರುಮಾತಿಲ್ಲದೆ ಬೇರೆ ಮಾಡಿಕೊಟ್ಟರು, ದುಡ್ಡೂ ಕೇಳಲಿಲ್ಲ. ನೀವು ಕೊಡುವುದಾದರೆ ತಲೆ ಯಾವ ಕಡೆ, ಬಾಲ ಯಾವ ಕಡೆ ಅಂತ ಪೆನ್ಸಿಲ್‌ನಲ್ಲೇ ಬರೆಯಿರಿ. ಸ್ಲೈಡ್ ಮಾಡುವಾಗ ಅದ್ದುವ ಆಲ್ಕೋಹಾಲಿನಲ್ಲಿ ಪೆನ್ನಿನ ಇಂಕು ಹೋಗಿಬಿಡುತ್ತದೆ.