ನೆಟ್‌ವರ್ಕಿಂಗ್ ಲ್ಯಾಬ್‌ಗೆ ಪ್ಯಾಕೆಟ್ ಟ್ರೇಸರ್, ಹಳೆ ರೌಟರ್, ಲಿನಕ್ಸ್: ನನ್ನ ಓಟು ಲಿನಕ್ಸ್‌ಗೆ

ಹಾಸನದ ಕಡೆ ನೆಟ್‌ವರ್ಕಿಂಗ್ ಮೊದಲ ಕೋರ್ಸ್‌ಗೆ ಪ್ರಾಕ್ಟಿಕಲ್ ಸೇರಿಸಲು ಪ್ಯಾಕೆಟ್ ಟ್ರೇಸರ್ (ಸಿಸ್ಕೋದ ಜಾಲ ಸಿಮ್ಯುಲೇಟರ್), ಹಳೆ ರೌಟರ್, ಲಿನಕ್ಸ್ ಈ ಮೂರೂ ದಾರಿ ಹಿಡಿದು ನೋಡಿದ್ದಾಗಿದೆ. 4 ಜಿಬಿ ರ‍್ಯಾಮ್‌ನ ಹಳೆ ಪಿಸಿ, ಅದರ ಮೇಲೆ ಲಿನಕ್ಸ್ ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗೆ ಬೇರೆ ಬೇರೆ ಕಂಪ್ಯೂಟರ್‌ಗಳಂತೆ ನಡೆಯುವ ಪ್ರತ್ಯೇಕ ಜಾಲ ಕೋಣೆಗಳು): ಇದಕ್ಕೇ ನನ್ನ ಓಟು. ಒಂದೇ ಯಂತ್ರದಲ್ಲಿ ಹತ್ತು ಹೋಸ್ಟ್ ಎಬ್ಬಿಸಿದರೂ ಮೆಮೊರಿ ಲೆಕ್ಕಕ್ಕೆ ಸಿಗುವಷ್ಟು ಏರುವುದಿಲ್ಲ. ಓಡಾಡುವ ಪ್ಯಾಕೆಟ್ಟು ನಿಜವಾದದ್ದು. ಟಿಸಿಪಿಡಂಪ್‌ನಲ್ಲಿ ಹಿಡಿದು ವೈರ್‌ಶಾರ್ಕ್‌ನಲ್ಲಿ ತೆರೆಯಬಹುದು. ವೆತ್ ಜೋಡಿಯ (ನೇಮ್‌ಸ್ಪೇಸ್‌ಗಳನ್ನು ಸೇರಿಸುವ ವರ್ಚುವಲ್ ಕೇಬಲ್) ಒಂದು ತುದಿಗೆ ನೆಟೆಮ್‌ನಿಂದ (ಬೇಕೆಂದೇ ತಡ ಹುಟ್ಟಿಸುವ ಲಿನಕ್ಸ್ ಸೌಲಭ್ಯ) 100 ಮಿಲಿಸೆಕೆಂಡ್ ತಡ ಹಾಕಿದರೆ ಪಿಂಗ್ ಸಮಯ, ಅಂದರೆ ಹೋಗಿ ಬರುವ ಸಮಯ, 100 ಏರುತ್ತದೆ, ಎರಡೂ ತುದಿಗೆ ಹಾಕಿದರೆ 200. ತಡ ಹೊರಹೋಗುವ ದಿಕ್ಕಿಗೆ ಮಾತ್ರ ಅನ್ನುವುದು ವಿದ್ಯಾರ್ಥಿಗೆ ಬೋರ್ಡಿನ ಮೇಲೆ ಬರೆಯದೆಯೇ ತಿಳಿಯುತ್ತದೆ.

ಆದರೆ ಒಂದು ತೊಡಕು ಎರಡು ಗಂಟೆಯ ಲ್ಯಾಬನ್ನೇ ನುಂಗಿಬಿಡುತ್ತದೆ. ಎರಡು ನೇಮ್‌ಸ್ಪೇಸ್‌ಗಳನ್ನು ಒಂದು ಬ್ರಿಜ್‌ಗೆ (ಸಾಫ್ಟ್‌ವೇರ್ ಸ್ವಿಚ್) ಕಟ್ಟಿ, ಐಪಿ ಕೊಟ್ಟು, ಎಲ್ಲ ಲಿಂಕ್ ಮೇಲೆತ್ತಿ ಪಿಂಗ್ ಕೊಟ್ಟರೆ ಉತ್ತರವೇ ಬರುವುದಿಲ್ಲ. ಪಕ್ಕದ ಪಿಸಿಯಲ್ಲಿ ಅದೇ ಕಮಾಂಡುಗಳು ಸಲೀಸಾಗಿ ನಡೆಯುತ್ತವೆ. ಇನ್ನೂ ಗೊಂದಲವೆಂದರೆ ಎಆರ್‌ಪಿ (ಐಪಿಯಿಂದ ಮ್ಯಾಕ್ ವಿಳಾಸ ಹುಡುಕುವ ವಿಧಾನ) ಕೆಲಸ ಮಾಡಿರುತ್ತದೆ, ನೆರೆಯವನ ಮ್ಯಾಕ್ ವಿಳಾಸ ಪಟ್ಟಿಯಲ್ಲಿ ಕಾಣುತ್ತದೆ. ಹುಡುಗರು ಸಬ್‌ನೆಟ್ ಮಾಸ್ಕ್ ತಪ್ಪಿರಬೇಕೆಂದು ಮತ್ತೆ ಮತ್ತೆ ತಿದ್ದುತ್ತಾ ಕೂರುತ್ತಾರೆ.

ಕಾರಣ ಆ ಪಿಸಿಯಲ್ಲಿ ಬೇರೆ ಪೇಪರ್‌ಗೆಂದು ಹಾಕಿರುವ ಡಾಕರ್ (ಕಂಟೇನರ್ ಓಡಿಸುವ ತಂತ್ರಾಂಶ). ಅದು ಲಿನಕ್ಸ್ ಫೈರ್‌ವಾಲ್ ಐಪಿಟೇಬಲ್ಸ್‌ನ ಫಾರ್ವರ್ಡ್ ಸರಣಿಯ ಪಾಲಿಸಿಯನ್ನು ‘ಡ್ರಾಪ್’ (ಪ್ಯಾಕೆಟ್ಟು ಬಿಸಾಡು) ಎಂದು ಬದಲಿಸುತ್ತದೆ. ಜೊತೆಗೆ ಬಿಆರ್-ನೆಟ್‌ಫಿಲ್ಟರ್ ಮಾಡ್ಯೂಲ್ ಲೋಡ್ ಆಗಿದ್ದರೆ ಬ್ರಿಜ್ ಒಳಗಿನ ಐಪಿ ಪ್ಯಾಕೆಟ್ಟೂ ಅದೇ ಸರಣಿಗೆ ಹೋಗಿ ಬೀಳುತ್ತದೆ. ಎಆರ್‌ಪಿ ಐಪಿ ಅಲ್ಲವಾದ್ದರಿಂದ ಪಾರಾಗುತ್ತದೆ. ಬ್ರಿಜ್‌ನ ಎರಡೂ ಪೋರ್ಟ್‌ನಲ್ಲಿ ಟಿಸಿಪಿಡಂಪ್ ಇಟ್ಟು ನೋಡಿ: ಪಿಂಗ್ ಒಂದರಲ್ಲಿ ಒಳಬರುತ್ತದೆ, ಇನ್ನೊಂದರಲ್ಲಿ ಹೊರಬರುವುದಿಲ್ಲ. ಸಿಸ್‌ಕಂಟ್ರೋಲ್‌ನಲ್ಲಿ (sysctl, ಕರ್ನಲ್ ಸೆಟ್ಟಿಂಗ್ ಬದಲಿಸುವ ಕಮಾಂಡು) ಬ್ರಿಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್ ಬೆಲೆಯನ್ನು 0 ಮಾಡಿದರೆ ಸರಿಹೋಗುತ್ತದೆ. ಲ್ಯಾಬ್ ಪಿಸಿಗಳಿಂದ ಡಾಕರ್ ತೆಗೆದುಬಿಡುವುದು ಇನ್ನೂ ಒಳ್ಳೆಯದು.

ರೌಟರ್ ಆಗುವ ನೇಮ್‌ಸ್ಪೇಸ್‌ನ ಒಳಗೇ ಐಪಿ ಫಾರ್ವರ್ಡಿಂಗ್ (ಒಂದು ಜಾಲದ ಪ್ಯಾಕೆಟ್ಟನ್ನು ಇನ್ನೊಂದಕ್ಕೆ ದಾಟಿಸುವ ಸೆಟ್ಟಿಂಗ್) 1 ಮಾಡಿಸಿ.

ಸೆಕೆಂಡ್‌ಹ್ಯಾಂಡ್ ಸಿಸ್ಕೋ 1841 ರೌಟರ್, 2960 ಸ್ವಿಚ್ ಮುಟ್ಟಿ ನೋಡಲು ಚೆನ್ನ. ಆದರೆ ಒಬ್ಬ ಕನ್ಸೋಲ್ ಹಿಡಿದರೆ ಉಳಿದ ಐವರು ಬರೀ ನೋಡುತ್ತಾರೆ. ಹಳೆ ಪಾಸ್‌ವರ್ಡ್ ಉಳಿದಿದ್ದರೆ ರೌಟರ್ ಬೂಟ್ ಆಗುವಾಗಲೇ ಬ್ರೇಕ್ ಕೀ ಕೊಟ್ಟು ಕಾನ್ಫಿಗ್ ರಿಜಿಸ್ಟರನ್ನು (ರೌಟರ್ ಹೇಗೆ ಬೂಟ್ ಆಗಬೇಕೆಂದು ಹೇಳುವ ಸಂಖ್ಯೆ) 0x2142 ಮಾಡಬೇಕು, ಕೆಲಸ ಮುಗಿದ ಮೇಲೆ 0x2102ಕ್ಕೆ ಹಿಂದಿರುಗಿಸದಿದ್ದರೆ ಉಳಿಸಿದ ಕಾನ್ಫಿಗ್ ಮುಂದಿನ ಬೂಟ್‌ನಲ್ಲಿ ಓದುವುದಿಲ್ಲ. ಆ ದುಡ್ಡಿಗೆ 8 ಪೋರ್ಟಿನ ಸಾದಾ ಸ್ವಿಚ್‌ಗಳು, ಕ್ರಿಂಪಿಂಗ್ ಟೂಲ್, ಆರ್‌ಜೆ45 ಕನೆಕ್ಟರ್ ತನ್ನಿ. ತಲೆಗೆ ನಾಲ್ಕು ಕನೆಕ್ಟರ್ ಲೆಕ್ಕ ಹಾಕಿ, ಮೊದಲ ಎರಡು ಹಾಳಾಗುತ್ತವೆ.

ಪ್ಯಾಕೆಟ್ ಟ್ರೇಸರ್ ವಿಎಲ್‌ಎಎನ್ (ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ಜಾಲಗಳಾಗಿ ಹಂಚುವುದು) ಕಲಿಸಲು ಸಾಕು, ಮನೆಪಾಠಕ್ಕೂ ಸೈ. ಅದರ ಪ್ಯಾಕೆಟ್ಟು ಚಿತ್ರ ಮಾತ್ರ, ವೈರ್‌ಶಾರ್ಕ್‌ಗೆ ಸಿಗುವುದಿಲ್ಲ.

ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟು ಹೇಳದೆ ಹೋಗುತ್ತದೆ, ರೀಬೂಟ್ ಆದರೆ ನೇಮ್‌ಸ್ಪೇಸ್‌ಗಳೂ ಅಳಿಸಿಹೋಗುತ್ತವೆ. ಹಾಗಾಗಿ ಮೊದಲ ದಿನದಿಂದಲೇ ಕಮಾಂಡುಗಳನ್ನು ಶೆಲ್ ಸ್ಕ್ರಿಪ್ಟ್ ಫೈಲಿನಲ್ಲಿ ಬರೆಸಿ. ಕರೆಂಟು ಬಂದ ಮೇಲೆ ಒಂದೇ ಸಾಲಿನಲ್ಲಿ ಇಡೀ ಜಾಲ ಎದ್ದು ನಿಲ್ಲುತ್ತದೆ, ಲ್ಯಾಬ್ ರೆಕಾರ್ಡಿಗೂ ಅದೇ ಫೈಲು ಅಂಟಿಸಬಹುದು.