ಹೆಡ್‌ಲೈಟು ಮಂಕಾದಾಗ ಬದಲಿಸಬೇಕಾದದ್ದು ಬಲ್ಬನ್ನೋ, ವೈರನ್ನೋ?

ಹನ್ನೆರಡು ವರ್ಷ ಓಡಿದ ನನ್ನ ಕಾರಿನಲ್ಲಿ ಒಂದೇ ಮಳೆಗಾಲದಲ್ಲಿ ಎರಡು ತೊಂದರೆಗಳು ಕಾಣಿಸಿಕೊಂಡವು. ಹೆಡ್‌ಲೈಟುಗಳು ಪೂರ್ತಿ ಆರುತ್ತಿರಲಿಲ್ಲ; ಆದರೆ ದಿನದಿಂದ ದಿನಕ್ಕೆ ಮಂಕಾಗುತ್ತಾ, ಎದುರಿನ ವಾಹನ ದಾಟಿಹೋದ ಮರುಗಳಿಗೆಯಲ್ಲಿ ರಸ್ತೆಯ ಅಂಚೇ ಗೋಚರಿಸದಷ್ಟು ಕ್ಷೀಣವಾಗಿದ್ದವು. ಎಡಗಡೆಯ ಇಂಡಿಕೇಟರು ಕೆಲವೊಮ್ಮೆ ಸರಿಯಾಗಿಯೂ ಕೆಲವೊಮ್ಮೆ ಎರಡು ಪಟ್ಟು ವೇಗವಾಗಿಯೂ ಮಿಟುಕುತ್ತಿತ್ತು. ಇವೆರಡಕ್ಕೂ ಸಾಮಾನ್ಯವಾಗಿ ಸೂಚಿಸಲಾಗುವ ಉಪಾಯಗಳನ್ನು ನಾನು ಒಂದರ ನಂತರ ಒಂದರಂತೆ ಅದೇ ಕಾರಿನಲ್ಲಿ, ಅದೇ ಗೋಡೆಯ ಎದುರು ನಿಲ್ಲಿಸಿ ಪರೀಕ್ಷಿಸಿದ್ದೇನೆ.

ನನ್ನ ಕಾರಿನಲ್ಲಿರುವುದು ಎಚ್4 ಹ್ಯಾಲೊಜೆನ್ ಬಲ್ಬು. ಒಂದೇ ಗಾಜಿನೊಳಗೆ ಎರಡು ಫಿಲಮೆಂಟುಗಳಿದ್ದು, ದೂರಕ್ಕೆ ಬೀಳುವ ಹೈಬೀಮಿಗೆ 60 ವಾಟ್, ತಗ್ಗಿಸಿದ ಲೋಬೀಮಿಗೆ 55 ವಾಟ್ ಎಂಬ ಲೆಕ್ಕದಲ್ಲಿ ಇದನ್ನು ತಯಾರಿಸುತ್ತಾರೆ. ಲೋಬೀಮಿನ ಫಿಲಮೆಂಟಿನ ಕೆಳಗೆ ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಲೋಹದ ತಟ್ಟೆ ಇರುತ್ತದೆ. ಅದು ಕೆಳಮುಖವಾಗಿ ಹೋಗುವ ಬೆಳಕನ್ನು ತಡೆಯುವುದರಿಂದ ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ರಸ್ತೆಯ ಕಡೆಗೆ ಇಳಿಯುತ್ತದೆ. ಗೋಡೆಯ ಮೇಲೆ ಲೋಬೀಮು ಬೀಳಿಸಿದಾಗ ಕೆಳಗೆ ಬೆಳಕು, ಮೇಲೆ ಕತ್ತಲೆ, ನಡುವೆ ಕತ್ತರಿಸಿದಂಥ ಗೆರೆ ಕಾಣುವುದು ಈ ತಟ್ಟೆಯಿಂದಾಗಿ. ಎದುರಿನವರ ಕಣ್ಣನ್ನು ಕಾಯುವುದು ಆ ಗೆರೆಯೇ ಆದ್ದರಿಂದ ನನ್ನ ಹೋಲಿಕೆಯಲ್ಲಿ ಪ್ರಖರತೆಗೆ ಎಷ್ಟು ಬೆಲೆ ಕೊಟ್ಟೆನೋ ಅಷ್ಟೇ ಬೆಲೆಯನ್ನು ಅದಕ್ಕೂ ಕೊಟ್ಟಿದ್ದೇನೆ.

ಮೊದಲು ಹಾಕಿದ್ದು 100/90 ವಾಟಿನ ಬಲ್ಬುಗಳು. ಮೊದಲ ರಾತ್ರಿ ಸಂತೋಷವಾಯಿತೆಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ನಾಲ್ಕನೆಯ ವಾರದಲ್ಲಿ ಬಾನೆಟ್ಟಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರತೊಡಗಿತು. ಬಲಗಡೆಯ ಕಪ್ಲರನ್ನು, ಅಂದರೆ ವೈರನ್ನು ಬಲ್ಬಿಗೆ ಸೇರಿಸುವ ಪ್ಲಾಸ್ಟಿಕ್ ಕೊಂಡಿಯನ್ನು, ಎಳೆದು ನೋಡಿದರೆ ಮೂರು ಪಿನ್ನುಗಳ ಪೈಕಿ ಒಂದರ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಪಿನ್ನು ಓರೆಯಾಗಿ ಕುಳಿತಿತ್ತು. ಕಾರಣ ಸರಳವಾದುದು: ವೈರು ಮತ್ತು ಕಪ್ಲರಿನಲ್ಲಿ ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಕರೆಂಟು ಒಂದೂವರೆ ಪಟ್ಟಾದರೆ ಶಾಖ ಎರಡು ಪಟ್ಟನ್ನು ಮೀರುತ್ತದೆ. ಮೂಲ ವೈರಿಂಗನ್ನು ಹಾಗೆಯೇ ಉಳಿಸಿಕೊಂಡು ವಾಟ್ ಏರಿಸುವ ಈ ಉಪಾಯವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಕಾನೂನು ಇದನ್ನು ಒಪ್ಪದ ಸ್ಥಳಗಳೂ ಅನೇಕ ಇವೆ.

ಎರಡನೆಯದಾಗಿ, ಅದೇ ಹೋಲ್ಡರಿನಲ್ಲಿ ಕೂರುವ ಎಲ್‌ಇಡಿ ಬಲ್ಬುಗಳನ್ನು ಹಾಕಿಸಿದೆ. ಇವು ಎಳೆಯುವ ಕರೆಂಟು ಕಡಿಮೆ, ಕಪ್ಲರಿಗೆ ಹೊರೆಯಿಲ್ಲ, ಬೆಳಕು ಅಚ್ಚ ಬಿಳಿ. ಕಾರಿನ ಮುಂದಿನ ಹತ್ತು ಹದಿನೈದು ಮೀಟರು ಹಗಲಿನಂತೆ ಬೆಳಗಿದ್ದನ್ನು ಕಂಡು ಗೆದ್ದೆನೆಂದೇ ಭಾವಿಸಿದ್ದೆ. ಗೋಡೆಯ ಎದುರು ನಿಲ್ಲಿಸಿದಾಗ ಮಾತ್ರ ಭ್ರಮೆ ಹರಿಯಿತು. ಗೆರೆ ಅಳಿಸಿಹೋಗಿ ಅದರ ಜಾಗದಲ್ಲಿ ಚೆಲ್ಲಿದ ಹಾಲಿನಂತೆ ಬೆಳಕು ಮೇಲಕ್ಕೂ ಹಬ್ಬಿತ್ತು. ರಿಫ್ಲೆಕ್ಟರನ್ನು ರೂಪಿಸಿರುವುದು ಒಂದು ನಿರ್ದಿಷ್ಟ ಬಿಂದುವಿನಲ್ಲಿರುವ ತೆಳುವಾದ ಫಿಲಮೆಂಟಿಗಾಗಿ. ಎಲ್‌ಇಡಿಯಲ್ಲಾದರೋ ಬೆಳಕು ಸೂಸುವ ಚಪ್ಪಟೆಯಾದ ಚಿಪ್‌ಗಳು ಲೋಹದ ಪಟ್ಟಿಯ ಎರಡು ಮಗ್ಗುಲಿಗೆ ಅಂಟಿಕೊಂಡಿದ್ದು, ಬೆಳಕು ಹೊರಡುವ ಸ್ಥಾನವೂ ದಿಕ್ಕೂ ಬೇರೆಯಾಗಿರುತ್ತವೆ. ಬಲ್ಬಿನ ಕಾಲರನ್ನು ಸಡಿಲಿಸಿ, ಚಿಪ್‌ಗಳು ಸರಿಯಾಗಿ ಎಡಕ್ಕೂ ಬಲಕ್ಕೂ ಮುಖ ಮಾಡುವಂತೆ ತಿರುಗಿಸಿದಾಗ ಪರಿಸ್ಥಿತಿ ತುಸು ಸುಧಾರಿಸಿತಾದರೂ ಎದುರಿನವರು ಡಿಪ್ಪರ್ ಹೊಡೆದು ಬೈಯುವುದು ನಿಲ್ಲಲಿಲ್ಲ. ಹತ್ತಿರದ ನೆಲ ಅತಿಯಾಗಿ ಬೆಳಗಿದ್ದರಿಂದ ನನ್ನ ಕಣ್ಣು ಅದಕ್ಕೇ ಹೊಂದಿಕೊಂಡು ದೂರದ ಕತ್ತಲೆ ಇನ್ನಷ್ಟು ದಟ್ಟವಾಗಿ ತೋರುತ್ತಿತ್ತು. ಜೋರು ಮಳೆಯಲ್ಲಿ ಬಿಳಿಯ ಪರದೆ ಕಟ್ಟಿದಂತಾಗುತ್ತಿತ್ತು. ಏಳನೆಯ ತಿಂಗಳಲ್ಲಿ ಒಂದು ಬಲ್ಬಿನ ಹಿಂಬದಿಯ ಪುಟ್ಟ ಫ್ಯಾನು ನಿಂತಿತು. ಆಮೇಲೆ ಆ ದೀಪ ಹತ್ತು ನಿಮಿಷ ಉರಿದು, ಕಾದು, ತಾನಾಗಿಯೇ ಕುಂದುತ್ತಿತ್ತು. ಕಾರ್ಖಾನೆಯಿಂದಲೇ ಎಲ್‌ಇಡಿಗೆಂದು ರೂಪಿಸಿದ ಹೆಡ್‌ಲೈಟಿನ ವಿಷಯ ಬೇರೆಯೇ. ನನ್ನ ದೂರು ಹ್ಯಾಲೊಜೆನ್ನಿನ ಮನೆಯಲ್ಲಿ ಎಲ್‌ಇಡಿಯನ್ನು ಕೂರಿಸುವುದರ ಬಗ್ಗೆ.

ಮೂರನೆಯ ಪ್ರಯತ್ನಕ್ಕೆ ಮುನ್ನ, ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಸಾಮಾನ್ಯ 60/55 ಬಲ್ಬುಗಳನ್ನು ಮರಳಿ ಹಾಕಿ, ಎಂಜಿನ್ ಓಡುತ್ತಿರುವಾಗ ದೀಪ ಹೊತ್ತಿಸಿ ಮಲ್ಟಿಮೀಟರಿನಲ್ಲಿ ಅಳೆದೆ. ಬ್ಯಾಟರಿಯ ಬಳಿ 13.8 ವೋಲ್ಟ್ ಇತ್ತು, ಬಲ್ಬಿನ ಪಿನ್ನುಗಳ ನಡುವೆ ಕೇವಲ 11.9. ಕಳೆದುಹೋದ 1.9 ವೋಲ್ಟಿನಲ್ಲಿ 1.2 ಪಾಸಿಟಿವ್ ಬದಿಯ ಉದ್ದನೆಯ ವೈರು ಮತ್ತು ಸ್ವಿಚ್ಚಿನಲ್ಲಿಯೂ, 0.7 ನೆಗೆಟಿವ್ ವೈರನ್ನು ಕಾರಿನ ಬಾಡಿಗೆ ಬಿಗಿಯುವ ಅರ್ಥಿಂಗ್ ಬೋಲ್ಟಿನಲ್ಲಿಯೂ ಕರಗುತ್ತಿತ್ತು. ಫಿಲಮೆಂಟಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, ಶೇಕಡ 14ರಷ್ಟು ವೋಲ್ಟೇಜು ಕುಸಿದರೆ ಶೇಕಡ 40ರಷ್ಟು ಬೆಳಕು ಹೋದಂತೆಯೇ ಸರಿ. ಬಲ್ಬುಗಳನ್ನು ಅಷ್ಟು ದಿನ ವಿನಾಕಾರಣ ದೂಷಿಸಿದ್ದೆ.

ಬೋಲ್ಟು ಬಿಚ್ಚಿದರೆ ಕೆಳಗೆ ತುಕ್ಕಿನ ಹುಡಿ ಇತ್ತು. ಲೋಹ ಹೊಳೆಯುವವರೆಗೆ ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿದೆ. ನಂತರ ಲೋಬೀಮಿಗೊಂದು, ಹೈಬೀಮಿಗೊಂದು ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಇರುವ ಪ್ರತ್ಯೇಕ ವೈರಿಂಗನ್ನು ಹಾಕಿಸಿದೆ. ಇದರಲ್ಲಿ ಬಲ್ಬಿನ ಕರೆಂಟು ಬ್ಯಾಟರಿಯಿಂದ ಫ್ಯೂಸಿನ ಮೂಲಕ ರಿಲೇಯ 30ನೆಯ ಪಿನ್ನಿಗೆ ಬಂದು 87ರಿಂದ ನೇರ ಬಲ್ಬಿಗೆ ಹೋಗುತ್ತದೆ; ಹಳೆಯ ಸ್ವಿಚ್ಚು 85 ಮತ್ತು 86ರ ನಡುವಿನ ಕಾಯಿಲಿಗೆ ಬೇಕಾದ ಅಲ್ಪ ಕರೆಂಟನ್ನಷ್ಟೇ ಹೊರುತ್ತದೆ. ಈಗ ಬಲ್ಬಿನ ಬಳಿ 13.5 ವೋಲ್ಟ್ ಸಿಗುತ್ತಿದೆ. ಅದೇ ಬಲ್ಬು ಮುಂಚಿನ ಒಂದೂವರೆ ಪಟ್ಟು ಬೆಳಕು ಕೊಡುತ್ತಿದ್ದು, ಗೋಡೆಯ ಮೇಲಿನ ಗೆರೆ ಬ್ಲೇಡಿನಿಂದ ಕೊರೆದಂತಿದೆ. ಕೊರತೆಯೊಂದಿದೆ: ವೋಲ್ಟೇಜು ಏರಿದರೆ ಫಿಲಮೆಂಟಿನ ಆಯಸ್ಸು ತಗ್ಗುತ್ತದೆ, ಅದೂ ತೀವ್ರವಾಗಿ. ಹಾಗಾಗಿ ಒಂದು ಬಿಡಿ ಬಲ್ಬು ಕಾರಿನಲ್ಲಿ ಸದಾ ಇದೆ. ಬದಲಿಸುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಜಾಗ ಮಿತಿಮೀರಿ ಕಾದು ಬಲ್ಬು ಬೇಗ ಕೆಡುತ್ತದೆ.

ಹಳದಿಗಟ್ಟಿದ ಲೆನ್ಸನ್ನು ಉಜ್ಜಿಸಿ ಪಾಲಿಶ್ ಮಾಡಿಸಿದ್ದೂ ಉಂಟು. ಉಪಯೋಗವಾಯಿತು, ಆದರೆ ರಕ್ಷಣೆಯ ಹೊಸ ಲೇಪನ ಹಾಕಿಸದೆ ಬಿಟ್ಟದ್ದರಿಂದ ವರ್ಷದೊಳಗೆ ಮತ್ತೆ ಮಬ್ಬಾಯಿತು.

ಇನ್ನು ಇಂಡಿಕೇಟರು. ಇಂಡಿಕೇಟರನ್ನು ಮಿಟುಕಿಸುವ ಹಳೆಯ ಬಗೆಯ ಫ್ಲ್ಯಾಶರ್ ರಿಲೇ ತನ್ನ ಮೂಲಕ ಹರಿಯುವ ಕರೆಂಟನ್ನು ಗಮನಿಸುತ್ತಿರುತ್ತದೆ. ಮುಂದೊಂದು, ಹಿಂದೊಂದು 21 ವಾಟಿನ ಬಲ್ಬು ಉರಿದರೆ ನಿಮಿಷಕ್ಕೆ 60ರಿಂದ 120ರೊಳಗೆ ಮಿಟುಕುತ್ತದೆ. ಒಂದು ಬಲ್ಬು ಕೈಕೊಟ್ಟರೆ ಟಿಕ್ ಟಿಕ್ ಸದ್ದು ಅವಸರಗೊಳ್ಳುತ್ತದೆ. ಅದು ದೋಷವಲ್ಲ, ದೋಷದ ಸುದ್ದಿ. ಅಷ್ಟು ತಿಳಿಯದೆ ನಾನು ಎರಡೂ ಬದಿಗೆ ಎಲ್‌ಇಡಿ ಬಲ್ಬು ಹಾಕಿಸಿದೆ. ಅವು ಎಳೆಯುವ ಕರೆಂಟು ತೀರ ಕಡಿಮೆಯಾದ್ದರಿಂದ ಫ್ಲ್ಯಾಶರು ಬಲ್ಬೇ ಹೋಗಿದೆಯೆಂದು ತಿಳಿದು, ಬಲಗಡೆಯೂ ಓಡತೊಡಗಿತು.

ಇದಕ್ಕೆ ಪರಿಹಾರಗಳು ಎರಡು, ಎರಡನ್ನೂ ಅನುಭವಿಸಿದೆ. ಮೊದಲನೆಯದು ಬಲ್ಬಿಗೆ ಸಮಾನಾಂತರವಾಗಿ 6 ಓಮಿನ ರೆಸಿಸ್ಟರ್ ಜೋಡಿಸುವುದು. ವೇಗ ಸರಿಹೋಯಿತು, ಆದರೆ ಉರಿಯುವಾಗ 25 ವಾಟಿಗೂ ಹೆಚ್ಚನ್ನು ಅದು ಬರೀ ಶಾಖವಾಗಿ ಸುಡುತ್ತದೆ. ಡಿಕ್ಕಿಯ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಅದನ್ನು ಕಟ್ಟಿದ್ದರು. ಉದ್ದನೆಯ ಸಿಗ್ನಲ್ಲಿನಲ್ಲಿ ನಿಂತು ಬಂದ ಮೇಲೆ ಮುಟ್ಟಿ ನೋಡಿ ಬೆರಳು ಸುಟ್ಟುಕೊಂಡೆ. ವಿದ್ಯುತ್ ಉಳಿಸುವ ದೀಪ ಹಾಕಿ, ಉಳಿದದ್ದನ್ನು ಪಕ್ಕದಲ್ಲೇ ಸುಡುವ ಏರ್ಪಾಡಿದು. ಎರಡನೆಯದು ಕರೆಂಟನ್ನು ಗಮನಿಸದ ಎಲೆಕ್ಟ್ರಾನಿಕ್ ಫ್ಲ್ಯಾಶರ್. ತಣ್ಣಗಿರುತ್ತದೆ, ಲಯ ಸ್ಥಿರ. ಆದರೆ ಎಡಗಡೆಯ ಹಿಂದಿನ ಇಂಡಿಕೇಟರು ಆರಿ ಎಷ್ಟು ದಿನವಾಗಿತ್ತೋ, ಹಿಂದಿನಿಂದ ಬಂದ ಚಾಲಕರೊಬ್ಬರು ಪೆಟ್ರೋಲ್ ಬಂಕಿನಲ್ಲಿ ಇಳಿದು ಬಂದು ಹೇಳುವವರೆಗೂ ನನಗೆ ತಿಳಿಯಲಿಲ್ಲ. ರೆಸಿಸ್ಟರಿಗಿಂತ ಇದು ಖಂಡಿತ ಮೇಲು. ಆದರೂ ಸುದ್ದಿ ಹೇಳುವವನ ಬಾಯಿ ಕಟ್ಟಿದಂತಾಯಿತು.

ಆಗಲೇ ಹೋಲ್ಡರನ್ನು ಬಿಚ್ಚಿ ನೋಡಿದ್ದು. ಒಳಗೆ ಹಸಿರುಗಟ್ಟಿದ ತಾಮ್ರ, ತಳದ ಸ್ಪ್ರಿಂಗಿನ ಮೇಲೆ ನೀರಿನ ಕಲೆ. ನೀರು ಒಳಬಾರದಂತೆ ಲೆನ್ಸಿನ ಅಂಚಿಗೆ ಹಾಕುವ ಗ್ಯಾಸ್ಕೆಟ್ ಬಿರಿದು ಮಳೆನೀರು ಜಿನುಗುತ್ತಿತ್ತು. ಹೋಲ್ಡರ್ ಕೆರೆದು, ಗ್ಯಾಸ್ಕೆಟ್ ಬದಲಿಸಿ, ಹಳೆಯ ಫ್ಲ್ಯಾಶರನ್ನೂ ಕಿತ್ತಳೆ ಗಾಜಿನ ಮಾಮೂಲಿ ಬಲ್ಬುಗಳನ್ನೂ ಮರಳಿ ಹಾಕಿದೆ. ಎರಡು ಮಳೆಗಾಲ ಕಳೆದಿವೆ, ಎಡಗಡೆ ಒಮ್ಮೆಯೂ ಅವಸರಪಟ್ಟಿಲ್ಲ. ಕಳೆದ ತಿಂಗಳು ಬಲಗಡೆ ಅವಸರಪಟ್ಟಿತು. ಇಳಿದು ನೋಡಿದರೆ ಮುಂದಿನ ಬಲ್ಬಿನ ಫಿಲಮೆಂಟು ತುಂಡಾಗಿತ್ತು.